ಏರಿಸಿಕೊಂಡ ಬೀಪಿ

ಬೆಳಿಗ್ಗೆ ಏಳು ಗಂಟೆಗೆ ಡೊಟ್ಸೆಯ ಮೊಬೈಲು ‘ಟಿಣ್’ ಎಂದಿತು. ಎಲ್ಲ ಹಾಳಾಗಿದ್ದು ಆ ಟಿಣ್‌ನಿಂದಲೇ.

ಮಗ್ಗದಲ್ಲಿ ಕೂತಿದ್ದ ಡೊಟ್ಸೆ ಲಾಳಿ ಕೆಳಗಿಟ್ಟ. ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡಿ, ಅದು ಹಣೆಯ ಮೇಲೇ ಕೂತಿದೆಯೆಂದು ಗೊತ್ತಾದ ಮೇಲೆ ಸಂದೇಶ ಓದಿದ.

‘ಮಾನ್ಯರೇ, ಮನೆಮನೆ ಬೀಪಿ ಅಧ್ಯಯನದ ಹನ್ನೆರಡನೆಯ ಭೇಟಿ ಇಂದು ಮಧ್ಯಾಹ್ನ ಮೂರಕ್ಕೆ. ಬೀಪಿ ಹತೋಟಿಗೆ ಬಂದವರಿಗೆ ಮನೆಭೇಟಿ ಇಂದಿಗೆ ಮುಗಿಯುತ್ತದೆ. ಬಾರದವರಿಗೆ ಇನ್ನಾರು ತಿಂಗಳು ಮುಂದುವರಿಯುತ್ತದೆ. ನಿಮ್ಮ ಸಹಕಾರಕ್ಕೆ ವಂದನೆ.’

ಡೊಟ್ಸೆ ಎರಡನೇ ಸಲ ಓದಿದ. ಮೂರನೇ ಸಲ ಓದುವಾಗ ಅಕ್ಷರಗಳು ಮಸುಕಾದವು. ಕನ್ನಡಕದ್ದೇನೂ ತಪ್ಪಿರಲಿಲ್ಲ.

ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಕುಟುಂಬ ವೈದ್ಯರ ತಂಡವೊಂದು ಕೇಟಾ ಎಂಬ ಹಿನ್ನೀರಿನ ದಡದ ಈ ಊರಿಗೆ ಬಂದಿತ್ತು. ಬೀಪಿ ಇರುವವರನ್ನು ಆಸ್ಪತ್ರೆಗೆ ಕರೆಸಿಕೊಳ್ಳುವ ಬದಲು ನರ್ಸೇ ಅವರ ಮನೆಗೆ ಹೋದರೆ ಬೀಪಿ ಬೇಗ ಇಳಿಯುತ್ತದೆಯೋ ಇಲ್ಲವೋ ಎಂಬುದು ಆ ಡಾಕ್ಟರುಗಳ ಪ್ರಶ್ನೆ. ನಲವತ್ತು ಮನೆ ಆರಿಸಿದರು. ಅದರಲ್ಲಿ ಡೊಟ್ಸೆಯದೊಂದು. ಬಂದ ನರ್ಸು ಎಸಿನಾಮ್.

ಐವತ್ತರ ಹೆಂಗಸು. ಗಂಡ ಮೀನು ಹಿಡಿಯಲು ಕಡಲಿಗೆ ಹೋದವನು ವಾಪಸು ಬಂದಿರಲಿಲ್ಲ. ನಕ್ಕರೆ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಣ್ಣ ಸಂದು ಕಾಣುತ್ತಿತ್ತು. ಐವತ್ತಾರು ವರ್ಷದ ಡೊಟ್ಸೆ, ಹೆಂಡತಿಯನ್ನು ಮಣ್ಣು ಮಾಡಿ ಒಂಬತ್ತು ವರ್ಷ ಒಬ್ಬನೇ ಮಗ್ಗ ಕುಟ್ಟಿದವನು, ಆ ಸಂದಿನೊಳಗೆ ಬಿದ್ದು ಎದ್ದಿರಲಿಲ್ಲ.

ಇದನ್ನು ಅವಳಿಗೆ ಹೇಳುವುದು ಹೇಗೆ? ಅವಳು ಊರಿನ ಮರ್ಯಾದೆಯಂತೆ “ಡೊಟ್ಸೆ ಅಣ್ಣಾ” ಎನ್ನುತ್ತಿದ್ದಳು. ಅವನು ಆಸ್ಪತ್ರೆಯ ಮರ್ಯಾದೆಯಂತೆ “ಸಿಸ್ಟರ್” ಎನ್ನುತ್ತಿದ್ದ. ಅಣ್ಣ ತಂಗಿಯರ ನಡುವೆ ಮುಂದಿನ ಮಾತು ಎಲ್ಲಿಂದ ಹುಟ್ಟಬೇಕು?

ಆದರೆ ಅಧ್ಯಯನಕ್ಕೊಂದು ನಿಯಮವಿತ್ತು. ಬೀಪಿ ನೋಡುವ ಮುಂಚೆ ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ನರ್ಸೂ ಮಾತಾಡಬಾರದು. ಎದುರು ಬದುರು ಎರಡು ಕುರ್ಚಿ, ತೆರೆದ ಬಾಗಿಲಿನಿಂದ ಹಿನ್ನೀರಿನ ಗಾಳಿ, ಇಬ್ಬರೂ ಮೌನ. ತಿಂಗಳಿಗೆ ಐದೇ ನಿಮಿಷ. ಉಳಿದ ದಿನಗಳನ್ನೆಲ್ಲ ಡೊಟ್ಸೆ ಈ ಐದು ನಿಮಿಷಕ್ಕಾಗಿ ದೂಡುತ್ತಿದ್ದ.

ಮೊದಲ ಸಲ ಅಂಕಿ ನೋಡಿ ಅವಳು ಹುಬ್ಬು ಗಂಟಿಕ್ಕಿದ್ದಳು. ಅವತ್ತೇ ಅವನು ಉಪ್ಪು ಬಿಟ್ಟ. ಮಾತ್ರೆ ಒಂದು ದಿನ ತಪ್ಪಿಸಲಿಲ್ಲ. ಬೀಪಿ ಇಳಿದ ಹಾಗೆಲ್ಲ ಅವಳ ನಗು ಅಗಲವಾಯಿತು. ಈಗ ನೋಡಿದರೆ, ಇಳಿದದ್ದೇ ತಪ್ಪಾಗಿದೆ!

“ಇಳಿಸಿದವನಿಗೆ ಏರಿಸೋದಕ್ಕೆ ಬರಲ್ವಾ?” ಎಂದು ಡೊಟ್ಸೆ ಮಗ್ಗಕ್ಕೆ ಹೇಳಿದ. ಬೆಳಗಿನ ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟು ಬೀದಿಗಿಳಿದ.

ಎದುರುಮನೆಯ ಅಕ್ಪೆನೆ ಅಜ್ಜಿ ಹಿನ್ನೀರಿನ ಉಪ್ಪು, ಉಪ್ಪುಮೀನು ಮಾರುವವಳು. ಊರಿನ ಸುದ್ದಿಯನ್ನು ಮಾತ್ರ ಪುಕ್ಕಟೆ ಹಂಚುತ್ತಿದ್ದಳು.

“ಅಜ್ಜೀ, ನಿನ್ ಹತ್ರ ಇರೋದ್ರಲ್ಲಿ ಭಾರೀ ಉಪ್ಪಿರೋ ಮೀನು ಯಾವ್ದು?”

“ನೀನು ಉಪ್ಪು ಬಿಟ್ಟಿದ್ದೀಯಲ್ಲೋ?”

“ನನಗಲ್ಲ. ನೆಂಟರು ಬರ್ತಾರೆ.”

“ಅಂಥಾ ಮೀನು ತಿನ್ನಿಸೋವಷ್ಟು ಸಿಟ್ಟು ಯಾರ ಮೇಲಪ್ಪಾ? ಅತ್ತೆ ಮನೆಯೋರಾ?”

ಡೊಟ್ಸೆ ಮೂರು ಮೀನು ಕಟ್ಟಿಸಿಕೊಂಡು ಬಂದ. ತೊಳೆದರೆ ಉಪ್ಪು ಹೋದೀತೆಂದು ತೊಳೆಯಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಅಕ್ಪ್ಲೆ ಮುದ್ದೆಯ ಜೊತೆ ಮೊದಲನೆಯದನ್ನು ಮುಗಿಸಿದ. ಎರಡನೆಯದಕ್ಕೆ ನಾಲಿಗೆ ಹಳೇ ಚಪ್ಪಲಿಯ ಹಾಗೆ ಮುದುಡಿತು. ಮೂರನೆಯದನ್ನು ಕಣ್ಣೀರು ಸುರಿಸುತ್ತಾ ಬಾಯಿಗೆ ತುರುಕುತ್ತಿದ್ದಾಗ, ನೆಂಟರು ಯಾರೆಂದು ನೋಡಲು ಬಂದ ಅಜ್ಜಿ ಕಿಟಕಿಯಲ್ಲಿ ಇಣುಕಿದಳು.

“ಅಯ್ಯಯ್ಯೋ! ಡೊಟ್ಸೆ ಅಳ್ತಾ ಅಳ್ತಾ ಉಪ್ಪುಮೀನು ನುಂಗ್ತಿದ್ದಾನೆ! ಜೀವ ತೆಗೆದ್ಕೊಳ್ತಿದ್ದಾನೆ! ಮೇಷ್ಟ್ರೇ, ಓಡಿ ಬನ್ನಿ!”

ಅಹಿಯಾಬೊರ್ ಮೇಷ್ಟ್ರು ಪಕ್ಕದ ಮನೆಯವರು. ನಿವೃತ್ತ ಹೆಡ್ಮಾಸ್ಟರು. ಅಧ್ಯಯನದಲ್ಲಿ ಅವರದೂ ಒಂದು ಮನೆ. ಯಾರಾದರೂ ಕರೆಯಲಿ ಎಂದೇ ಬೆಳಗಿನಿಂದ ಬಾಗಿಲಲ್ಲಿ ನಿಂತಿರುತ್ತಿದ್ದ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದರು.

“ಏನಯ್ಯಾ ಇದು? ಹೇಳು.”

ಡೊಟ್ಸೆ ತಲೆ ತಗ್ಗಿಸಿದ. “ಭೇಟಿ ನಿಂತ್ಹೋಗತ್ತೆ ಮೇಷ್ಟ್ರೇ. ಬೀಪಿ ಏರಿದ್ರೆ ಇನ್ನಾರು ತಿಂಗಳು ಬರ್ತಾರಂತೆ.”

ಮೇಷ್ಟ್ರ ಮುಖ ಅರಳಿತು. ಅವರು ಅರ್ಥ ಮಾಡಿಕೊಂಡದ್ದು ಬೇರೆ. “ಭೇಷ್! ಪುಕ್ಕಟೆ ಮಾತ್ರೆ ಯಾಕೆ ಬಿಡ್ಬೇಕು ಅಂತೀಯ. ಆದ್ರೆ ಉಪ್ಪು ನಂಬ್ಕೊಂಡ್ರೆ ಇವತ್ತಿಗೆ ಕೆಲಸ ಆಗಲ್ಲ ಕಣಯ್ಯಾ. ತಕ್ಷಣ ಏರ್ಬೇಕಾದ್ರೆ ಕೋಪ ಬರ್ಬೇಕು. ಇರು, ನಾನು ಬರಿಸ್ತೀನಿ.”

ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. “ಕತ್ತೆ.”

“ಬರ್ಲಿಲ್ಲ ಮೇಷ್ಟ್ರೇ.”

“ದಡ್ಡ ಶಿಖಾಮಣಿ. ನೀನು ನೇಯ್ದ ಬಟ್ಟೇನ ಆಡೂ ಮೂಸಲ್ಲ.”

“ಅದು ತಾವು ದಿನಾ ಹೇಳೋದೇ ಅಲ್ವಾ.”

ಮೇಷ್ಟ್ರಿಗೆ ಹಟ ಬಂತು. “ಹಾಗಾದ್ರೆ ಕೇಳು. ಈಸ್ಟರ್ ಹಬ್ಬದಲ್ಲಿ ಚರ್ಚಿನಲ್ಲಿ ನೀನು ಒಬ್ಬನೇ ಹಾಡಿದ್ಯಲ್ಲ, ಆ ಅವಕಾಶ ಕೊಡಿಸಿದ್ದು ನಾನು. ಪಾದ್ರಿ ಬೇಡ ಅಂದ್ರು. ಹೆಂಡ್ತಿ ಸತ್ತೋನು, ಪಾಪ, ಅಂತ ನಾನೇ ಕೈಮುಗಿದೆ.”

ಡೊಟ್ಸೆಯ ಕಿವಿ ಬಿಸಿಯಾಯಿತು. ಆ ಹಾಡನ್ನು ತನ್ನ ಕಂಠಕ್ಕೆ ಸಿಕ್ಕ ಬಹುಮಾನವೆಂದು ಅವನು ಐದು ವರ್ಷದಿಂದ ನಂಬಿದ್ದ.

“ಓಹೋ! ನಿಮ್ಮ ಗೋಡೆ ನನ್ನ ಜಾಗಕ್ಕೆ ಒಂದು ಮೊಳ ಬಂದಿದೆಯಲ್ಲ, ಅದಕ್ಕೆ ಯಾರು ಕೈಮುಗಿದ್ರು?”

“ಯಾರೋ ಹೇಳಿದ್ದು ಗೋಡೆ ಬಂದಿದೆ ಅಂತ?”

“ಮೊಳ ಹಾಕಿದ್ದೀನಿ!”

“ನಿನ್ನ ಮೊಳವೂ ನಿನ್ನ ರಾಗದ ಹಾಗೇ, ಎಲ್ಲೆಲ್ಲೋ ಹೋಗತ್ತೆ!”

ಅರ್ಧ ಗಂಟೆಯಲ್ಲಿ ಇಪ್ಪತ್ತು ವರ್ಷದ ಗೋಡೆ, ಹನ್ನೆರಡು ವರ್ಷದ ಆಡು, ಯಾರದೋ ಮದುವೆಯಲ್ಲಿ ಕಳೆದುಹೋದ ಛತ್ರಿ ಎಲ್ಲ ಹೊರಬಂದವು. ಯಾವ ಕಾರಣಕ್ಕೆ ಬೈಯಲು ಹೊರಟಿದ್ದರೆಂಬುದು ಇಬ್ಬರಿಗೂ ಮರೆತುಹೋಯಿತು. ಕೊನೆಗೆ ಮೇಷ್ಟ್ರು, “ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು!” ಎಂದು ಹೊರಟುಹೋದರು.

ಇದನ್ನೆಲ್ಲ ಕೇಳುತ್ತಿದ್ದ ಅಕ್ಪೆನೆ ಅಜ್ಜಿಗೆ ಕರುಳು ಚುರ್ರೆಂದಿತು. ಮಧ್ಯಾಹ್ನದ ಹೊತ್ತಿಗೆ ಕೆಂಪು ಪುಂಡಿಹೂವಿನ ಪಾನಕ ತುಂಬಿದ ದೊಡ್ಡ ಚೊಂಬು ಹಿಡಿದು ಬಂದಳು.

“ಕುಡಿ ಮಗಾ. ಬೀಪಿ ಸರ್ರ್ ಅಂತ ಇಳಿಯತ್ತೆ.”

“ಬೇಡ ಅಜ್ಜೀ!”

“ಸಾಯೋನ ಮಾತು ಯಾರು ಕೇಳ್ತಾರೆ?” ಎಂದು ಮೂಗು ಹಿಡಿದು ಕುಡಿಸಿಯೇಬಿಟ್ಟಳು. ಅಷ್ಟು ಉಪ್ಪು ತಿಂದ ಗಂಟಲು ಯಜಮಾನನ ಮಾತು ಕೇಳದೆ ಗಟಗಟನೆ ಚೊಂಬು ಖಾಲಿ ಮಾಡಿತು.

ಗಂಟೆ ಎರಡೂಮುಕ್ಕಾಲು. ಬೆಳಗಿನ ದುಡಿಮೆಯೆಲ್ಲ ಪಾನಕದಲ್ಲಿ ಕೊಚ್ಚಿಹೋಗುತ್ತಿದೆ ಎಂದು ಡೊಟ್ಸೆಗೆ ದಿಗಿಲಾಯಿತು. ಇನ್ನು ಉಳಿದದ್ದು ಓಟ. ಉಟ್ಟ ಬಟ್ಟೆ ಎತ್ತಿ ಕಟ್ಟಿ, ಮನೆಯ ಸುತ್ತ ಓಡತೊಡಗಿದ. ಮೇಷ್ಟ್ರ ಆಡು ಏನೋ ಆಪತ್ತೆಂದುಕೊಂಡು ಅವನ ಹಿಂದೆ ಓಡಿತು. ಅಜ್ಜಿ ಆಡಿನ ಹಿಂದೆ ಓಡಿದಳು. ಒಂಬತ್ತನೇ ಸುತ್ತಿಗೆ ತಿರುಗುವಾಗ ಬಾಗಿಲಲ್ಲಿ ಎಸಿನಾಮಳ ಮೋಟರ್ ಸೈಕಲ್ ನಿಂತಿತ್ತು.

“ಡೊಟ್ಸೆ ಅಣ್ಣಾ?”

“ಆಡು... ಸಿಸ್ಟರ್... ಕಟ್ಟಿಹಾಕೋಣ ಅಂತ...”

ಒಳಗೆ ಎರಡು ಕುರ್ಚಿ. ಅವಳು ಪಟ್ಟಿಯನ್ನು ತೋಳಿಗೆ ಸುತ್ತಿ, ಗಡಿಯಾರ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ಐದು ನಿಮಿಷ ಶುರುವಾಯಿತು. ಗಾಳಿ ಬಂತು. ಗಾಡಿಯ ಧೂಳು ಕೂತ ಅವಳ ಕಾಲು, ಮಡಿಲಲ್ಲಿ ಜೋಡಿಸಿದ ಕೈ, ಕಿವಿಯ ಪಕ್ಕದ ನಾಲ್ಕು ಬಿಳಿ ಕೂದಲು. ಇದು ಕೊನೆಯದಾಗದಿರಲಿ ಎಂದು ಡೊಟ್ಸೆ ದೇವರನ್ನು ಕೇಳಿಕೊಂಡ. ಯಂತ್ರ ಗುಂಯ್‌ಗುಟ್ಟಿತು.

ನೂರ ತೊಂಬತ್ತೆಂಟು.

ಅವಳು ಮತ್ತೆ ನೋಡಿದಳು. ನೂರ ತೊಂಬತ್ತೆರಡು. ಮೂರನೇ ಸಲ ನೂರ ತೊಂಬತ್ತು. ಡೊಟ್ಸೆಯ ಎದೆಯಲ್ಲಿ ತಮಟೆ ಬಡಿಯಿತು. ಗೆದ್ದೆ! ಆದರೆ ತಲೆಯೆತ್ತಿ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

“ತಲೆನೋವಿದೆಯಾ ಅಣ್ಣಾ? ಎದೆನೋವು? ಕಣ್ಣು ಮಂಜಾಗ್ತಿದೆಯಾ?” ಎನ್ನುತ್ತಾ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಮಾತ್ರೆ ಕೊಟ್ಟು ಒಂದು ಗಂಟೆ ಅಲ್ಲೇ ಕೂತು ನೋಡಲು ಹೇಳಿದರು.

ಒಂದು ಗಂಟೆ! ಹನ್ನೆರಡು ತಿಂಗಳ ಐದೈದು ನಿಮಿಷ ಒಟ್ಟಿಗೆ ಸಿಕ್ಕ ಹಾಗಾಯಿತು. ಆದರೆ ಸುಖಪಡಲು ಅವಳು ಬಿಡಲಿಲ್ಲ. ಪಕ್ಕದಲ್ಲೇ ಕೂತು, ಮಣಿಕಟ್ಟಿನ ನಾಡಿ ಹಿಡಿದುಕೊಂಡು, ತನ್ನಷ್ಟಕ್ಕೆ ಎಂಬಂತೆ ಹೇಳಿದಳು.

“ನನ್ನ ಕಣ್ಣೇ ಬಿತ್ತೋ ಏನೋ. ನಲವತ್ತು ಮನೇಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಇಳಿಸಿರ್ಲಿಲ್ಲ. ನಾನು ನಿಮ್ಮ ಹೆಸರೇ ಬರೆದಿದ್ದೆ.”

“ಯಾತಕ್ಕೆ ಸಿಸ್ಟರ್?”

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. “ಇವತ್ತಿಗೆ ನರ್ಸುಗಳು ಮನೆಗೆ ಬರೋದು ಮುಗೀತು. ಇನ್ಮೇಲೆ ಬೀಪಿ ಹತೋಟಿಗೆ ಬಂದಿರೋ ಒಬ್ಬರನ್ನ ಬೀದಿಗೆ ಜೊತೆಗಾರ ಅಂತ ಮಾಡ್ತಾರೆ. ಏರಿರೋರ ಮನೆಗೆ ವಾರ ವಾರ ಹೋಗೋದು ಅವರೇ. ಆ ಜೊತೆಗಾರರಿಗೆ ಪ್ರತಿ ಶನಿವಾರ ಇಡೀ ದಿನ ತರಬೇತಿ. ವರ್ಷಪೂರ್ತಿ. ಕಲಿಸೋಳು ನಾನೇ.” ಆಮೇಲೆ ಬಾಗಿಲ ಕಡೆ ನೋಡುತ್ತಾ ಅಂದಳು, “ಶನಿವಾರ ಊಟಾನೂ ಅಲ್ಲೇ. ನೀವು ಇರ್ತೀರಲ್ಲ ಅಂದ್ಕೊಂಡಿದ್ದೆ.”

ಡೊಟ್ಸೆಗೆ ಉಪ್ಪುಮೀನು ಮೂರೂ ಒಟ್ಟಿಗೆ ಗಂಟಲಿಗೆ ಬಂದಂತಾಯಿತು.

“ಸಿಸ್ಟರ್, ಇನ್ನೊಂದ್ಸಲ ನೋಡಿ. ಇಳಿದಿರತ್ತೆ. ನನಗೆ ಗೊತ್ತಾಗ್ತಿದೆ, ಇಳೀತಿದೆ!”

ಗಂಟೆಯಾದ ಮೇಲೆ ನೋಡಿದಳು. ನೂರ ಅರವತ್ತೆಂಟು. ಲೇಖನಿ ತೆಗೆದು, ಹಾಳೆಯ ಮೇಲಿನ ಹೆಸರಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದಳು. ಗೆರೆ ಎಳೆಯುವಾಗ ಅವಳ ಕೈ ಒಮ್ಮೆ ನಿಂತಿತು. ಅಥವಾ ಡೊಟ್ಸೆಗೆ ಹಾಗೆ ಕಂಡಿತು.

ಆ ಬೀದಿಯಲ್ಲಿ ಅಧ್ಯಯನಕ್ಕೆ ಸೇರಿದ್ದರಲ್ಲಿ ಇನ್ನುಳಿದದ್ದು ಒಂದೇ ಮನೆ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅವತ್ತು ಬೆಳಿಗ್ಗೆ ಕಾರಿಕೊಂಡು ಹಗುರಾಗಿದ್ದ ಅಹಿಯಾಬೊರ್ ಮೇಷ್ಟ್ರ ಬೀಪಿ ನೂರ ಹದಿನೆಂಟಿತ್ತು.

ಮುಂದಿನ ಸೋಮವಾರ ಮೇಷ್ಟ್ರು ಹೊಸಿಲು ದಾಟಿ ಬಂದರು. ಹೆಗಲಿಗೆ ಯಂತ್ರದ ಚೀಲ, ಎದೆಗೆ ‘ಜೊತೆಗಾರ’ ಎಂಬ ಬಿಲ್ಲೆ. ಎಸಿನಾಮ್ ಕೂರುತ್ತಿದ್ದ ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತು, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, “ತೋಳು!” ಎಂದರು.

ಡೊಟ್ಸೆ ತೋಳು ಕೊಟ್ಟ. ಆರು ದಿನ ಉಪ್ಪು ಮುಟ್ಟಿರಲಿಲ್ಲ, ಮಾತ್ರೆ ಬಿಟ್ಟಿರಲಿಲ್ಲ. ಇವತ್ತು ಇಳಿದರೆ ಮೇಷ್ಟ್ರಿಂದ ಬಿಡುಗಡೆ, ಯಾರಿಗೆ ಗೊತ್ತು, ಮುಂದೆಂದೋ ಒಂದು ಶನಿವಾರವೂ ಸಿಕ್ಕೀತು. ಮೇಷ್ಟ್ರು ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಯಂತ್ರ ಗುಂಯ್‌ಗುಡಲು ಶುರುವಾದಾಗ ಅವರಿಗೆ ಏನೋ ನೆನಪಾಯಿತು.

“ಹ್ಞಾಂ, ಮರ್ತೇಬಿಟ್ಟಿದ್ದೆ. ಶನಿವಾರ ಊಟಕ್ಕೆ ಕೂತಾಗ ಆ ನರ್ಸಮ್ಮ ಪಕ್ಕದ ಕುರ್ಚಿ ಖಾಲಿ ಬಿಟ್ಟಿದ್ರು. ನಾನು ಕೂರೋಕೆ ಹೋದ್ರೆ, ‘ಅಲ್ಲಿ ಬೇಡಿ ಮೇಷ್ಟ್ರೇ’ ಅಂದ್ರು. ಆಮೇಲೆ, ‘ಡೊಟ್ಸೆ ಹೇಗಿದ್ದಾರೆ?’ ಅಂತ ಕೇಳಿದ್ರು.”

“ಏನಂದ್ರು?”

“‘ಡೊಟ್ಸೆ ಹೇಗಿದ್ದಾರೆ’ ಅಂತ.”

“ಅಣ್ಣ ಅನ್ಲಿಲ್ವಾ?”

“ಇಲ್ಲ. ಬರೀ ಡೊಟ್ಸೆ ಅಂದ್ರು. ಯಾಕೆ?”

ಡೊಟ್ಸೆ ಉತ್ತರ ಕೊಡಲಿಲ್ಲ. ಯಂತ್ರ ಕೊಟ್ಟಿತು. ಮೇಷ್ಟ್ರು ಕನ್ನಡಕ ಏರಿಸಿ ಅಂಕಿ ಓದಿ, ನಾಲಿಗೆ ಲೊಚಗುಟ್ಟಿ, ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ದಪ್ಪಕ್ಷರದಿಂದ ಬರೆದುಕೊಂಡರು.

“ನೂರ ಎಂಬತ್ತು! ಇದೇನು ಬಿಡೋ ರೋಗ ಅಲ್ಲ ಕಣಯ್ಯಾ ನಿನ್ನದು. ಹೆದರ್ಬೇಡ, ಇನ್ನಾರು ತಿಂಗಳು ವಾರ ವಾರ ನಾನೇ ಬರ್ತೀನಿ.”