ಸ್ವಂತ ಹೆಸರಿನಲ್ಲಿ ಸಮುದ್ರ ನೋಡಿದ್ದು

ಮಾವನ ಹೆಸರು ಹೇಳದೆ, ಜೇಬಿಗೆ ಕೈ ಹಾಕದೆ ಹೆಂಡತಿಗೆ ಸಮುದ್ರ ತೋರಿಸಬಹುದು ಎಂದು ಜಗತ್ತಿಗೆ ಸಾಧಿಸಿ ತೋರಿಸಲು ನಾನೊಮ್ಮೆ ಹೊರಟಿದ್ದೆ. ಮೊದಲನೆಯದು ನನ್ನ ಮಾನದ ಪ್ರಶ್ನೆ. ಎರಡನೆಯದಕ್ಕೆ ಬೇರೆ ದಾರಿಯೇ ಇರಲಿಲ್ಲ. ನನ್ನ ಜೇಬಿನಲ್ಲಿ ಆಗ ಸೀಮೆಸುಣ್ಣದ ತುಂಡು ಬಿಟ್ಟರೆ ಮತ್ತೇನೂ ಇರುತ್ತಿರಲಿಲ್ಲ.

ರಾಜ್ಯ ಒಂದಾದ ಹೊಸತು. ಮುಲ್ಕಿ ಪರೀಕ್ಷೆ ಪಾಸಾಗಿದ್ದ ನಾನು ತಿಳವಳ್ಳಿಯ ಶಾಲೆಯಲ್ಲಿ ಮಾಸ್ತರ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಾವನವರು ಹಂಸಭಾವಿಯ ದೊಡ್ಡ ಗೌಡರು. ಅವರನ್ನು ಅರಿಯದವರು ನಾಲ್ಕು ತಾಲೂಕಿನಲ್ಲಿ ಯಾರೂ ಇರಲಿಲ್ಲ. ಅದೇ ನನ್ನ ಕಷ್ಟ. ಹಾನಗಲ್ ಸಂತೆಗೆ ಹೋದರೆ 'ಗೌಡರ ಅಳಿಯ ಬಂದರು.' ಕ್ಷೌರಕ್ಕೆ ಕುಳಿತರೆ 'ಗೌಡರ ಅಳಿಯನ ತಲೆ, ಹುಷಾರು.' ಶಾಲೆ ತಪಾಸಣೆಗೆ ಬಂದ ಸಾಹೇಬರು ಕೂಡ ಮಕ್ಕಳ ಓದು ಕೇಳುವ ಮೊದಲು ಮಾವನವರ ಆರೋಗ್ಯ ಕೇಳಿದರು. ಅವ್ವ ಅಪ್ಪ ಇಟ್ಟ ಹೆಸರು ಒಂದು ನನಗೂ ಇತ್ತು. ಅದನ್ನು ಬಳಸುವವರು ಯಾರೂ ಇರಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ನೀಲವ್ವ ಸಮುದ್ರ ನೋಡಬೇಕು ಅಂದಳು. ತವರಿನಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ಅಂದುಬಿಟ್ಟಳು.

"ಅದೇನು ದೊಡ್ಡ ಮಾತು?" ಅಂದರು ಮಾವನವರು. "ನಮ್ಮ ಮೆಣಸಿನಕಾಯಿ ತಗೊಳ್ಳೋ ಕಾಮತರು ಕುಮಟಾದಾಗ ಅದಾರ. ಒಂದು ಮಾತು ಹೇಳಿ ಕಳಸ್ತೇನಿ, ಎಲ್ಲಾ ವ್ಯವಸ್ಥಾ ಮಾಡ್ತಾರ."

"ಬ್ಯಾಡ್ರಿ ಮಾವಾರ," ಅಂದೆ. "ನನ್ನ ಹೇಣತಿಗೆ ಸಮುದ್ರ ನಾನ ತೋರಸ್ತೇನಿ."

"ಹೆಂಗ ತೋರಸ್ತೀರಿ?"

"ಅದನ್ನ ನನಗ ಬಿಡ್ರಿ."

ಗೌಡರು ಮೀಸೆ ಸವರಿಕೊಂಡು ಸುಮ್ಮನಾದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನಾದದ್ದು ತಡೆಯಲಾಗಲಿಲ್ಲ.

ಸವಣೂರಿನ ಖಾದರಸಾಬ ನನ್ನ ಹಳೆಯ ದೋಸ್ತ. ಹಾನಗಲ್ಲಿನಿಂದ ಶಿರಸಿ ದಾಟಿ, ಘಟ್ಟ ಇಳಿದು ಕುಮಟಾಕ್ಕೆ ಲಾರಿ ಹೊಡೆಯುತ್ತಿದ್ದ. ಮಾಲಿನ ಮೇಲೆ ಕುಳಿತುಕೊಳ್ಳುವುದಾದರೆ ಪುಕ್ಕಟೆ ಕರೆದೊಯ್ಯುತ್ತೇನೆ ಅಂದ. ಊಟಕ್ಕೆ ನೀಲವ್ವ ಹೋಗಿಬರುವಷ್ಟು ದಿನಕ್ಕೆ ಸಾಲುವ ಹಾಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು ಕಟ್ಟಿದಳು. ಮಲಗಲು ಧರ್ಮಶಾಲೆ. ನನ್ನ ಯೋಜನೆಯಲ್ಲಿ ಸೂಜಿ ಹೋಗುವಷ್ಟೂ ಸಂದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಬೆಳಗಿನ ಜಾವ ಲಾರಿ ಹತ್ತಿದ ಮೇಲೆ, ಮಾಲು ಅಂದರೆ ಮೆಣಸಿನಕಾಯಿ ಚೀಲ ಎಂದು ತಿಳಿಯಿತು. ಶಿರಸಿ ಮುಟ್ಟುವವರೆಗೆ ಸೀನಿದೆವು. ಘಟ್ಟದ ತಿರುವಿನಲ್ಲಿ ಸೀನು ನಿಂತು ಹೊಟ್ಟೆ ತೊಳಸತೊಡಗಿತು. ಕುಮಟಾ ಪೇಟೆಯಲ್ಲಿ ಇಳಿಯುವಾಗ ಇಬ್ಬರ ಕಣ್ಣೂ ಕೆಂಡ. ಯಾರಾದರೂ ನೋಡಿದರೆ ಹೆಣಕ್ಕೆ ಮಣ್ಣು ಕೊಟ್ಟು ಬಂದವರು ಅನ್ನಬೇಕು.

ಲಾರಿ ನಿಂತ ಅಂಗಡಿಯ ಮುಂದೆ ಧೋತರ ಉಟ್ಟ ಹಿರಿಯರೊಬ್ಬರು ಚೀಲ ಎಣಿಸುತ್ತಿದ್ದರು. ನನಗೆ ಏಕೋ ಸಂಶಯ ಬಂತು.

"ಖಾದರಸಾಬ, ಇದು ಯಾರ ಮಾಲು?"

"ನಿಮ್ಮ ಮಾವಾರದು."

"ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಸ್ವಂತ ಹೆಸರಿನಲ್ಲಿ ಹೊರಟವನು ಹಾನಗಲ್ಲಿನಿಂದ ಕುಮಟಾವರೆಗೂ ಮಾವನ ಮೆಣಸಿನಕಾಯಿಯ ಮೇಲೆ ಕುಳಿತು ಬಂದಿದ್ದೆ. ಧೋತರದ ಹಿರಿಯರೇ ಕಾಮತರು. ಅವರು ನಮ್ಮನ್ನು ನೋಡಿ, "ಇವರು ಯಾರು?" ಅಂದರು. ಖಾದರಸಾಬ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಬಂದೆ.

"ನಾ ತಿಳವಳ್ಳಿ ಮಾಸ್ತರ ಅದೀನ್ರಿ. ಗಾಡ್ಯಾಗ ಜಾಗಾ ಇತ್ತು, ಬಂದ್ವಿ."

"ಊಟದ ಹೊತ್ತಾಯ್ತು. ಊಟ ಮಾಡಿಯೇ ಹೋಗಿ. ಇವತ್ತು ಸೋಮವಾರ, ನಮ್ಮಲ್ಲಿ ಮೀನಿಲ್ಲ."

"ನಮ್ಮ ಬುತ್ತಿ ನಮ್ಮ ಹಂತೇಕ ಐತ್ರಿ," ಅಂದೆ. ಹೇಳುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು. ನೀಲವ್ವ ಒಳಗಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಯ ಕಡೆ ಒಮ್ಮೆ ತಿರುಗಿ ನೋಡಿ ನನ್ನ ಹಿಂದೆ ನಡೆದಳು. ಮೊದಲು ಸಮುದ್ರ, ಆಮೇಲೆ ಊಟ ಎಂದು ನಾನೇ ಅಪ್ಪಣೆ ಮಾಡಿದ್ದೆ.

ಸಮುದ್ರ ಕಂಡಾಗ ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಇದರ ಆಚಿ ದಂಡಿ ಎಲ್ಲೈತ್ರಿ?" ಅಂದಳು.

"ಇಲ್ಲಿಂದ ಕಾಣಾಂಗಿಲ್ಲ."

"ಇಷ್ಟು ನೀರು ಸುಮ್ಮನ ಬಿದ್ದೈತಲ್ರಿ," ಅಂದು ಸೀರೆಯ ನೆರಿಗೆ ಎತ್ತಿ ಹಿಡಿದು, ತೆರೆ ಬಂದಾಗ ಹಿಂದೆ ಓಡಿ, ತೆರೆ ಹೋದಾಗ ಮುಂದೆ ಓಡಿ ನಗತೊಡಗಿದಳು. ಗೌಡರ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು. ಮನುಷ್ಯ ತಪ್ಪು ಮಾಡುವುದು ಇಂಥ ಹೊತ್ತಿನಲ್ಲಿಯೇ.

ನಮ್ಮ ಕಡೆ ಕೆರೆಯ ದಂಡೆಗೆ ಬುತ್ತಿ ಉಣ್ಣಲು ಹೋದವರು ಮೊಸರಿನ ಗಡಿಗೆಯನ್ನು ನೀರಿನ ಅಂಚಿನ ಹಸಿ ಮಣ್ಣಿನಲ್ಲಿ ಕತ್ತಿನವರೆಗೆ ಹೂತಿಡುತ್ತಾರೆ. ಮೊಸರು ಹುಳಿಯಾಗುವುದಿಲ್ಲ. ಅಜ್ಜನ ಕಾಲದಿಂದ ಬಂದ ಪದ್ಧತಿ. ನಾನು ನೀರಿನ ಅಂಚಿನಲ್ಲಿ ಮರಳು ತೋಡಿ ಗಡಿಗೆ ಹೂತೆ. ಪಕ್ಕದಲ್ಲಿ ರೊಟ್ಟಿಯ ಗಂಟು ಇಟ್ಟೆ. ಅದರ ಮೇಲೆ ನನ್ನ ಕೋಟು ಮಡಿಸಿಟ್ಟೆ.

"ಸ್ವಲ್ಪ ಮ್ಯಾಲಿಡ್ರಿ," ಅಂದಳು ನೀಲವ್ವ. "ನೀರು ಮುಂದ ಬರಾಕತ್ತೈತಿ ಅನಸ್ತೈತಿ."

"ಮಳಿ ಎಲ್ಲೈತಿ? ಮಳಿ ಇಲ್ಲದ ನೀರು ಹೆಂಗ ಏರ್ತೈತಿ? ನಿಮ್ಮೂರ ಕೆರಿ ಬ್ಯಾಸಗ್ಯಾಗ ಏರಿದ್ದು ನೋಡೀಯೇನು?"

ಅವಳು ನೋಡಿರಲಿಲ್ಲ. ಮಾಸ್ತರ ಹೇಳಿದ ಮೇಲೆ ಮುಗಿಯಿತು. ನಾವು ದಂಡೆಗುಂಟ ದೂರದ ಬಂಡೆಗಳವರೆಗೆ ನಡೆದು, ಅಲ್ಲಿ ಕುಳಿತು, ಬಿಸಿಲು ಇಳಿದ ಮೇಲೆ ಹೊಟ್ಟೆ ಕರೆದಾಗ ತಿರುಗಿ ಬಂದೆವು. ಗಂಟು ಇಟ್ಟ ಜಾಗದಲ್ಲಿ ಸಮುದ್ರವಿತ್ತು.

ಕೋಟು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ರೊಟ್ಟಿಗಳು ಮಾತ್ರ ತೆರೆಗೊಂದರಂತೆ ಮೇಲೆ ಬಂದು, ನಮಗೆ ಮುಖ ತೋರಿಸಿ, ಮತ್ತೆ ಒಳಗೆ ಹೋಗುತ್ತಿದ್ದವು. ಕಾಗೆಗಳಿಗೆ ಹಬ್ಬ. ಆಗ ನನಗೆ ನೆನಪಾಯಿತು. ಚಂದ್ರನ ಸೆಳೆತದಿಂದ ಸಮುದ್ರದ ನೀರು ದಿನವೂ ಏರಿ ಇಳಿಯುತ್ತದೆ ಎಂಬ ಪಾಠವನ್ನು ಆ ವರ್ಷವೇ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ ಕೂಡ.

ಅಷ್ಟನ್ನೂ ನೀಲವ್ವನ ಮುಂದೆ ಬಾಯಿಬಿಟ್ಟೆ. ಅವಳು ಸಮಾಧಾನದಿಂದ ಕೇಳಿದಳು.

"ಪಾಠ ಮಾಡೋವಾಗ ಹುಡುಗರು ಲಕ್ಷ್ಯ ಕೊಟ್ಟು ಕೇಳ್ತಾರೇನ್ರಿ?"

"ಹುಡುಗರೇನೋ ಕೇಳ್ತಾರ."

"ಹಂಗಾದರ ನಿಮ್ಮನ್ನಷ್ಟ ಬೆಂಚಿನ ಮ್ಯಾಲೆ ನಿಂದರಸಬೇಕು."

ಲಾರಿ ತೆಂಗಿನಕಾಯಿ ತುಂಬಿಕೊಂಡು ಹೊರಡುವುದು ಮರುದಿನ. ಮೀನು ಮುಟ್ಟದ ನಮಗೆ ಬೇರೆ ಎಲ್ಲಿ ಏನು ಕೇಳುವುದಕ್ಕೂ ಭಯ; ಯಾವ ಗಡಿಗೆಯಲ್ಲಿ ಯಾವ ಮೀನಿದೆಯೋ ಬಲ್ಲವರಾರು? ನಾನು ದಂಡೆಯ ಮೇಲೆ ಕುಳಿತು ನನ್ನ ಮಾನವನ್ನು ಕಾಯುತ್ತಿದ್ದೆ. ನೀಲವ್ವ, "ನನಗ ಹಸಿವಿಲ್ಲ ಬಿಡ್ರಿ," ಅಂದಳು. ಹಾಗೆ ಅನ್ನುವಾಗಲೇ ಅವಳ ಹೊಟ್ಟೆ ಗುರ್ ಅಂದಿತು. ನನಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಈ ಹುಡುಗಿಯನ್ನು ಉಪವಾಸ ಕೆಡವಿ ಉಳಿಸಿಕೊಳ್ಳುವಂಥದ್ದು ನನ್ನ ಹೆಸರಿನಲ್ಲಿ ಏನಿದೆ ಅನ್ನಿಸಿತು. ಎದ್ದೆ.

ದೀಪ ಹಚ್ಚುವ ಹೊತ್ತಿಗೆ ನೀಲವ್ವನನ್ನು ಕರೆದುಕೊಂಡು ಕಾಮತರ ಅಂಗಡಿಯ ಮುಂದೆ ನಿಂತಿದ್ದೆ. ಮೈಮೇಲೆ ಕೋಟಿಲ್ಲ, ಧೋತರದ ತುಂಬ ಮರಳು.

"ಮಧ್ಯಾಹ್ನ ಒಂದು ಮಾತು ಹೇಳೋದು ಮರತಿದ್ದೆ, ಕಾಮತರ."

"ಏನು?"

"ನಾನು ಹಂಸಭಾವಿ ಗೌಡರ ಅಳಿಯ."

"ಗೊತ್ತುಂಟು," ಅಂದರು ಕಾಮತರು. "ನಿಮ್ಮ ಡ್ರೈವರ್ ಹೇಳಿದ. ನೀವಾಗಿ ಹೇಳ್ಲಿ ಅಂತ ಕಾದು ಕೂತಿದ್ದೆ. ಕೈಕಾಲು ತೊಳೀರಿ, ಎಲೆ ಹಾಕಿ ಆಯ್ತು."

ಅನ್ನ, ಸಾರು, ಪಲ್ಯ, ಪಾಯಸ. ಎಲ್ಲದರಲ್ಲಿಯೂ ತೆಂಗಿನಕಾಯಿ. ನಾನು ಸಂಕೋಚಪಡದೆ, ಪೂರ್ತಿ ಅಳಿಯನಾಗಿಯೇ ಉಂಡೆ.

ಊರಿಗೆ ಮರಳಿದ ಮೇಲೆ ಮಾವನವರು ಮಗಳನ್ನು ಕೇಳಿದರು: "ತೋರಿಸಿದರೇನವಾ ಸಮುದ್ರ?"

"ತೋರಿಸಿದರು ಅಪ್ಪಾ. ಊಟಾ ನೀ ಹಾಕಿದಿ."

ಗೌಡರು ಮತ್ತೆ ಮೀಸೆ ಸವರಿಕೊಂಡರು. ಈ ಸಲ ನನಗೇನೂ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ನಾನೊಂದು ನಿಯಮ ಮಾಡಿಕೊಂಡೆ. ಹೊಸ ಊರಿನಲ್ಲಿ ಯಾರಾದರೂ 'ತಾವು ಯಾರು?' ಎಂದರೆ ಮೊದಲು ಊಟದ ಹೊತ್ತಾಗಿದೆಯೇ ನೋಡುತ್ತೇನೆ. ಆಗಿರದಿದ್ದರೆ ನಾನು ತಿಳವಳ್ಳಿ ಮಾಸ್ತರ.