ಒಂಟಿ ಸೀನಿನ ಸರ್ಹಂಗ್

ಮೂಗು ಅಂದರೆ ಏನು ಮಹಾ? ಎರಡು ತೂತು, ನಡುವೆ ಒಂದು ಗೋಡೆ, ಒಳಗೊಂದಿಷ್ಟು ಗಾಳಿ. ಮೂವತ್ತೊಂದು ವರ್ಷ ಶಿರಾಜಿನ ಮಕ್ಕಳಿಗೆ ರಸಾಯನಶಾಸ್ತ್ರ ಅರೆದು ಕುಡಿಸಿದ ನನಗೆ ಒಂದು ಮುದಿ ನಾಯಿಯ ಮೂಗು ಯಾವ ಲೆಕ್ಕ! "ಮೂರೇ ವಾರ ಕೊಡು ಫಖ್ರಿ," ಅಂತ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ. "ಆಮೇಲೆ ಈ ಮೂಗಿಂದ ಒಂದು ಹನಿ ಸುರಿದ್ರೆ ಕೇಳು, ಒಂದು ಸೀನು ಬಂದ್ರೆ ಕೇಳು."

"ಅಡುಗೆಮನೆ ನಲ್ಲಿಗೂ ಮೂರೇ ವಾರ ಅಂದಿದ್ದೆ, ಇರಜ್ ಜಾನ್," ಅಂದಳು ಫಖ್ರಿ. "ಅದಿನ್ನೂ ಸುರೀತಾ ಇದೆ."

ನಾಯಿಯ ಹೆಸರು ಸರ್ಹಂಗ್, ಅಂದರೆ ಕರ್ನಲ್. ಊರಾಚೆಯ ನಾಯಿಗಳ ಆಶ್ರಯಧಾಮದಿಂದ ನಾನೇ ತಂದವನು. ಅಲ್ಲಿ ಉಳಿದವೆಲ್ಲ ಬೇಲಿಗೆ ಹಾರಿ ಬೊಗಳುವಾಗ ಇವನೊಬ್ಬ ಮೂಲೆಯಲ್ಲಿ ನೆಟ್ಟಗೆ ಕೂತು, ಕವಾಯತಿನಲ್ಲಿ ಸಿಪಾಯಿಯನ್ನು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೇಗೋ ನಾನು ಪಾಸಾದೆ. ಹತ್ತು ವರ್ಷದ ಜೀವ, ಎಡ ಹೊಳ್ಳೆಯಲ್ಲಿ ಸದಾ ಸಿಂಬಳ, ರಾತ್ರಿಯೆಲ್ಲ ಗೊರಗೊರ. ಇನ್ನು ಸೀನು! ಅದನ್ನು ಸೀನು ಅನ್ನುವುದು ತಪ್ಪು, ತೋಪು ಅನ್ನಬೇಕು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ನಮ್ಮತ್ತೆ ತೂಬಾ ಖಾನಂ ಇದ್ದಾರೆ. ವಯಸ್ಸು ಎಂಬತ್ತೊಂದು, ಎರಡೂ ಕಣ್ಣಿಗೆ ಪೊರೆ. ಎಲ್ಲಿಗಾದರೂ ಹೊರಡುವಾಗ ಯಾರಾದರೂ ಒಂದು ಸೀನು ಸೀನಿದರೆ 'ಸಬ್ರ್ ಆಮದ್' ಅನ್ನುತ್ತಾರೆ. ತಾಳು ಅಂತ ಮೇಲಿನಿಂದ ಅಪ್ಪಣೆ ಬಂತು ಎಂದರ್ಥ. ಇಟ್ಟ ಹೆಜ್ಜೆ ಹಿಂದಕ್ಕೆ. ಅದರ ಹಿಂದೆಯೇ ಎರಡನೇ ಸೀನು ಬಂದರೆ ಅದು 'ಜಖ್ತ್', ತಡಮಾಡದೆ ಹೊರಡು. ನಮ್ಮ ಕಡೆ ಹಳಬರು ಬಹಳ ಮಂದಿ ಇದನ್ನು ನಂಬುತ್ತಾರೆ. ಆದರೆ ಅವರ ಮನೆಗಳಲ್ಲಿ ದಿನಕ್ಕೆ ನಲವತ್ತು ಸಲ ಸೀನುವ ಕರ್ನಲ್ ಇರುವುದಿಲ್ಲ.

ಮೊದಲ ದಿನ ಅತ್ತೆ ದೊಡ್ಡ ಮನಸ್ಸು ಮಾಡಿದ್ದರು. "ನಾಯಿ ಸೀನು ಲೆಕ್ಕಕ್ಕಿಲ್ಲ ಬಿಡು," ಅಂದು ರೊಟ್ಟಿ ತರಲು ಹೊರಟು, ಬಾಗಿಲ ಮೆಟ್ಟಿಲಲ್ಲೇ ಕಾಲು ಉಳುಕಿಸಿಕೊಂಡರು. ಮೆಟ್ಟಿಲು ಕಾಣದ್ದು ಕಣ್ಣಿನ ಪೊರೆಯಿಂದ ಅಂತ ನಾನು, ಸೀನಿನಿಂದ ಅಂತ ಅವರು. ಅಂದಿನಿಂದ ಸರ್ಹಂಗನ ಸೀನು ಲೆಕ್ಕಕ್ಕೆ ಬಂತು.

ಫೆಬ್ರವರಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಇತ್ತು. ಎಂಟು ತಿಂಗಳು ಕಾದು ಸಿಕ್ಕ ದಿನ. ಬಾಗಿಲಲ್ಲಿ ಟ್ಯಾಕ್ಸಿ, ಅತ್ತೆ ತಲೆಯಿಂದ ಪಾದದವರೆಗೆ ಹೊದ್ದ ಹೊಸ ಚಾದರ. ಸರ್ಹಂಗ್ ಸೀನಿದ. ಒಂದೇ. ನಾವು ಮೂವರೂ ಉಸಿರು ಹಿಡಿದು ಎರಡನೆಯದಕ್ಕೆ ಕಾದೆವು. ಅವನು ಆಕಳಿಸಿ ಮಲಗಿದ. ಅತ್ತೆ ಚಾದರ ಮಡಿಚಿಟ್ಟು ಟೀ ಕೇಳಿದರು. ಆಸ್ಪತ್ರೆಯವರು ಬೈದು, ಮಾರ್ಚಿನ ನೌರೋಜ್ ಹಬ್ಬ ಕಳೆದ ಮೇಲೆ ಇನ್ನೊಂದು ದಿನ ಕೊಟ್ಟರು. ಅದೂ ತಪ್ಪಿದರೆ ಮತ್ತೆ ಒಂದು ವರ್ಷ, ಅಷ್ಟರೊಳಗೆ ಇರುವ ಚೂರು ಬೆಳಕೂ ಹೋಗಬಹುದು ಅಂದರು.

"ಆಗಾ ಇರಜ್," ಅಂದಳು ಫಖ್ರಿ. ಹೆಂಡತಿ ಮುದ್ದಿನ 'ಜಾನ್' ಬಿಟ್ಟು ಯಜಮಾನರೇ ಅನ್ನುವ 'ಆಗಾ' ಅಂದಳೆಂದರೆ ಬಹುವಚನ ಬಂತು, ಬಹುವಚನ ಬಂತೆಂದರೆ ಅಪಾಯ ಬಂತು. "ನೀವು ಕೇಳಿಸ್ಕೊಳ್ಳಿ. ಅಮ್ಮನ ಕಣ್ಣೋ ನಿಮ್ಮ ಕರ್ನಲ್ ಮೂಗೋ. ಆ ದಿನ ಮತ್ತೆ ಒಂಟಿ ಸೀನು ಬಿತ್ತೋ, ಅವನು ವಾಪಸ್ ಆಶ್ರಯಧಾಮಕ್ಕೆ."

ಹೀಗೆ ಹೊರಬಿತ್ತು ನನ್ನ ಮೂರು ವಾರದ ಪ್ರತಿಜ್ಞೆ.

ಪಶುವೈದ್ಯೆ ಡಾಕ್ಟರ್ ಮಾಂದಾನಾ ಒಂದು ಕಾಲದಲ್ಲಿ ನನ್ನ ಟ್ಯೂಷನ್ನಿನ ಹುಡುಗಿ. ಇಪ್ಪತ್ತಕ್ಕೆ ಒಂಬತ್ತು ಅಂಕ ಕೊಟ್ಟು ಅಳಿಸಿದ್ದೆ. ಅವಳು ಸರ್ಹಂಗನಿಗೆ ಅರಿವಳಿಕೆ ಕೊಟ್ಟು, ಒಂದು ಕೊಳೆತ ಹಲ್ಲು ಕಿತ್ತು, ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದಳು. ನಾನು ಪರದೆಗೆ ಕಣ್ಣಿಟ್ಟೆ. ಎಲೆಕೋಸನ್ನು ಅಡ್ಡ ಕೊಯ್ದ ಹಾಗೆ ಮಡಿಕೆಯೊಳಗೆ ಮಡಿಕೆ, ಸುರುಳಿಯೊಳಗೆ ಸುರುಳಿ. ಎರಡು ತೂತು, ಒಂದು ಗೋಡೆ ಅಂದವನು ಯಾರು? ನಾನು ನಿಜವಾಗಿಯೂ ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ನನ್ನದು ಎಷ್ಟು ಬಡ ಮೂಗು ಅಂತ ಮೊದಲ ಸಲ ಅನ್ನಿಸಿತು.

"ವಾಸನೆ ಹಿಡಿಯೋ ಪೊರೆ ಬಿಡಿಸಿ ಹಾಸಿದ್ರೆ ಇವನದು ಕರವಸ್ತ್ರದಷ್ಟು ಸರ್, ನಮ್ಮದು ಅಂಚೆಚೀಟಿಯಷ್ಟು," ಅಂದಳು ಮಾಂದಾನಾ. "ಆದ್ರೆ ವರ್ಷಗಟ್ಟಲೆ ಕೆರಳಿ ಕೆರಳಿ ಸವೆದಿದೆ. ಪೂರ್ತಿ ವಾಸಿ ಆಗಲ್ಲ. ನಿಭಾಯಿಸ್ಬೇಕು."

"ಮೂರು ವಾರದಲ್ಲಿ?"

"ಅವನು ಇರೋವರೆಗೂ. ದಿನಾ ಹಬೆ, ಉಪ್ಪುನೀರಿನ ಮಂಜು, ಬೆಚ್ಚಗಿನ ಬಟ್ಟೆಯಲ್ಲಿ ಮೂಗು ಒರೆಸೋದು. ಊಟ ಬಿಸಿ ಮಾಡಿ ಕೊಡಿ, ಪರಿಮಳ ಏಳ್ಲಿ. ಸೆಂಟು, ಧೂಳು, ಹೊಗೆ ಮಾತ್ರ ಕೂಡದು. ಮುಖ್ಯವಾಗಿ ಎಸ್ಪಂದ್."

ಎಸ್ಪಂದ್! ಕೆಟ್ಟ ದೃಷ್ಟಿ ತಾಗದಿರಲಿ ಅಂತ ಕೆಂಡದ ಮೇಲೆ ಉದುರಿಸುವ ಬೀಜ. ಪಟಪಟ ಸಿಡಿದು ಮನೆ ತುಂಬ ಹೊಗೆಯೆಬ್ಬಿಸುತ್ತದೆ. ನಮ್ಮತ್ತೆಯ ಪ್ರಾಣ. ಮನೆಗೆ ಬಂದವನೇ ವಿಜ್ಞಾನದ ಹೆಸರಿನಲ್ಲಿ ಅವರ ಎಸ್ಪಂದ್ ಡಬ್ಬಿಯನ್ನು ಮುಟ್ಟುಗೋಲು ಹಾಕಿಕೊಂಡು, ನನ್ನ ಬೀರುವಿನಲ್ಲಿ ರಸಾಯನಶಾಸ್ತ್ರದ ಪುಸ್ತಕಗಳ ಹಿಂದೆ ಬೀಗ ಹಾಕಿದೆ. "ಮೂಢನಂಬಿಕೆಗೆ ಈ ಮನೇಲಿ ಇನ್ನು ಜಾಗ ಇಲ್ಲ," ಅಂತ ಭಾಷಣವನ್ನೂ ಮಾಡಿದೆ. ಅತ್ತೆ ಜಪಮಾಲೆ ತಿರುಗಿಸುತ್ತಿದ್ದರು.

ಆಮೇಲೆ ನಮ್ಮ ದಿನಚರಿ ನೋಡಬೇಕಿತ್ತು. ಬೆಳಗ್ಗೆ ಬಚ್ಚಲಮನೆ ಬಾಗಿಲು ಹಾಕಿ, ಬಿಸಿನೀರು ಬಿಟ್ಟು, ಹಬೆಯಲ್ಲಿ ನಾನೂ ಕರ್ನಲ್ ಸಾಹೇಬರೂ ಎದುರುಬದುರು ಕಾಲು ಗಂಟೆ. ನನ್ನ ಕನ್ನಡಕ ಮಂಜು, ಅವನ ಮೂತಿ ಗಂಭೀರ. ಆಮೇಲೆ ಉಪ್ಪುನೀರಿನ ಯಂತ್ರ, ಆಮೇಲೆ ಒರೆಸುವುದು, ಬಿರುಕು ಬಿಟ್ಟ ಮೂಗಿಗೆ ವ್ಯಾಸಲೀನ್. ಅವನಿಗೆ ಬಿಸಿಬಿಸಿ ಕೋಳಿ, ನನಗೆ ನಿನ್ನೆಯ ತಣ್ಣನೆ ಬೇಳೆ. ಒದ್ದೆ ಮೂಗು ತಾಗಿದರೆ ಅತ್ತೆ ನಮಾಜಿನ ಬಟ್ಟೆ ಮತ್ತೆ ಒಗೆಯಬೇಕು, ಹಾಗಾಗಿ ಅವರು ಕೂರುವ ರತ್ನಗಂಬಳಿಯ ಅಂಚು ಅವನ ಗಡಿ. ಅದನ್ನು ಅವನು ಒಂದು ದಿನವೂ ದಾಟಲಿಲ್ಲ.

ಹತ್ತನೇ ದಿನಕ್ಕೆ ಸೀನು ನಲವತ್ತರಿಂದ ಐದಕ್ಕಿಳಿಯಿತು. ಪಕ್ಕದ ಮನೆಯ ಮನೂಚೆಹರ್ ಗೋಡೆಯ ಮೇಲಿಂದ ಇಣುಕಿ, "ಅರೆ ಮೇಷ್ಟ್ರೇ, ನಾಯಿಗೆ ಐದು ವರ್ಷ ಕಮ್ಮಿ ಆದಂಗಿದೆ, ಮೂಗು ನೋಡಿ ಎಷ್ಟು ಚೊಕ್ಕ," ಅಂದ. 'ಮಾಷಾಲ್ಲಾ' ಅನ್ನಲಿಲ್ಲ. ಹೊಗಳಿ ದೇವರ ಹೆಸರೆತ್ತದೆ ಹೋದರೆ ದೃಷ್ಟಿ ತಾಗದೆ ಇರುತ್ತದೆಯೇ?

ಇಲ್ಲಿ ಸ್ವಲ್ಪ ಹತ್ತಿರ ಬನ್ನಿ, ಫಖ್ರಿಗೆ ಕೇಳಿಸಬಾರದು. ನಾನು ಬೀರು ತೆಗೆದೆ. ಪುಸ್ತಕಗಳ ಹಿಂದಿನ ಡಬ್ಬಿ ತೆಗೆದೆ. ಮೇಷ್ಟರ ಅಳತೆ, ಹನ್ನೆರಡೇ ಬೀಜ! ಹಿತ್ತಲ ಶೆಡ್ಡಿನಲ್ಲಿ ಕೆಂಡದ ಮೇಲೆ ಹಾಕಿ, ಸರ್ಹಂಗನ ತಲೆಯ ಸುತ್ತ ದೂರದಿಂದ, ಒಂದೇ ಒಂದು ಸುತ್ತು. ಮರುದಿನ ಮೂವತ್ತು ಸೀನು.

ಮತ್ತೆ ಹಬೆ, ಮತ್ತೆ ಉಪ್ಪುನೀರು, ಮತ್ತೆ ಐದಕ್ಕಿಳಿಯಿತು. ಈ ಸಲ ಹಾಲಿನವನು ಹೊಗಳಿದ. ಮತ್ತೆ ಹನ್ನೆರಡು ಬೀಜ, ಮತ್ತೆ ಮೂವತ್ತು ಸೀನು. ಏನು ಮಾಡಲಿ? ಅವನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿಬಿಟ್ಟಿತ್ತು. ಅಷ್ಟು ಪ್ರೀತಿಯಿದ್ದ ಕಡೆ ವಿಜ್ಞಾನ ನಿಲ್ಲುವುದಿಲ್ಲ.

ಮಾಂದಾನಾ ಮನೆಗೇ ಬಂದು ನೋಡಿದಳು. "ಯಾರೋ ಹೊಗೆ ಹಾಕ್ತಿದಾರೆ ಸರ್."

"ಹಳೇ ಕಾಲದವ್ರು, ಏನು ಹೇಳೋದು," ಅಂತ ನಾನು ಅತ್ತೆಯ ಕಡೆ ಕಣ್ಣು ಮಾಡಿದೆ. ಅತ್ತೆ ನಕ್ಕು ಜಪಮಾಲೆಯ ಇನ್ನೊಂದು ಮಣಿ ಸರಿಸಿದರು. ಅವರಿಗೆ ಕಾಣಿಸಲಿಲ್ಲ ಅಂದುಕೊಂಡೆ.

ಆಪರೇಷನ್‌ಗೆ ವಾರವಿದ್ದಾಗ ಒಂದು ಶುಕ್ರವಾರ ಬೆಳಗ್ಗೆ ನಡೆದದ್ದನ್ನು ಮಾತ್ರ ನಗದೆ ಹೇಳುತ್ತೇನೆ. ಅಂಗಳದ ನಾರಂಜ್ ಎಂಬ ಹುಳಿಕಿತ್ತಳೆ ಮರದ ತುಂಬ ಹೂವು. ಹಬೆ ಮುಗಿಸಿ ಹೊರಗೆ ಬಂದ ಸರ್ಹಂಗ್ ಗಕ್ಕನೆ ನಿಂತ. ಮೂಗೆತ್ತಿದ. ಎರಡೂ ಹೊಳ್ಳೆ ಮೆಲ್ಲಗೆ ಅರಳಿದವು, ಗಾಳಿ ಒಳಗೆ ಹೋದ ಸದ್ದು ಕೂಡ ಕೇಳಿಸಿತು, ಗೊರಗೊರ ಇಲ್ಲದ ಸದ್ದು. ಆ ಮುದಿ ಕಣ್ಣುಗಳು ಅಗಲವಾದವು. ಒಂದೊಂದು ಇಟ್ಟಿಗೆ ಮೂಸಿದ. ಅಂಗಳದ ನಡುವಿನ ಪುಟ್ಟ ಕೊಳದ ಅಂಚು ಮೂಸಿದ. ನನ್ನ ಹಳೆಯ ಚಪ್ಪಲಿಯ ಮುಂದೆ ಎಷ್ಟೋ ಹೊತ್ತು ನಿಂತ, ನನ್ನ ಮೂವತ್ತು ವರ್ಷದ ನಡಿಗೆಯನ್ನೆಲ್ಲ ಓದುವವನ ಹಾಗೆ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದ, ಓಹೋ ನೀನೇನಾ ಅನ್ನುವ ಹಾಗೆ. ಐದು ತಿಂಗಳು ಜೊತೆಗಿದ್ದರೂ ಅವನಿಗೆ ನಾನು ಪರಿಚಯವಾದದ್ದು ಆ ಕ್ಷಣ. ಹುಟ್ಟಿದಂದಿನಿಂದ ನೋಡಿದ ಅಂಗಳ, ಅದರಲ್ಲಿ ಇಷ್ಟೆಲ್ಲ ಇದೆ ಅಂತ ನನಗೇ ಗೊತ್ತಿರಲಿಲ್ಲ. ನಾನೂ ಮಂಡಿಯೂರಿ ಅವನ ಹಿಂದೆ ಇಟ್ಟಿಗೆ ಮೂಸುತ್ತ ಹೋದೆ.

ಬಾಗಿಲಿಗೆ ಬಂದ ಫಖ್ರಿ ಸ್ವಲ್ಪ ಹೊತ್ತು ನೋಡಿದಳು. "ತಂದಿದ್ದು ಒಂದೇ ಅಂತ ನೆನಪು," ಅಂದು ಒಳಗೆ ಹೋದಳು.

ಆಪರೇಷನ್ ದಿನ ಬಂತು. ಸರ್ಹಂಗ್ ಆರು ದಿನದಿಂದ ಸೀನಿರಲಿಲ್ಲ. ಅಷ್ಟು ಒಳ್ಳೆಯದಾದರೆ ಯಾರ ಎದೆ ಹೊಡೆದುಕೊಳ್ಳುವುದಿಲ್ಲ? ಬೆಳಗ್ಗೆದ್ದು ತಾರಸಿಗೆ ಹೋಗಿ, ಅವನಿಂದ ಎರಡು ಅಂತಸ್ತು ದೂರದಲ್ಲಿ, ಇಪ್ಪತ್ತನಾಲ್ಕು ಬೀಜ ಸುಟ್ಟೆ. ಹನ್ನೆರಡು ಅವನ ಮೂಗಿಗೆ, ಹನ್ನೆರಡು ಅತ್ತೆಯ ಕಣ್ಣಿಗೆ.

ಹೋದ ಕೆಲಸ ಸುಸೂತ್ರವಾಗಲಿ ಅಂತ ಫಖ್ರಿ ಬಾಗಿಲಲ್ಲಿ ಕುರಾನ್ ಎತ್ತಿ ಹಿಡಿದಳು. ಅದರಡಿ ತಲೆ ಬಾಗಿಸಿ ಅತ್ತೆ ಒಂದು ಕಾಲು ಹೊಸ್ತಿಲಾಚೆ ಇಟ್ಟರು. ಎಲ್ಲರ ಕಣ್ಣು ಕಂಬಳಿಯಂಚಿನಲ್ಲಿ ಕೂತ ಸರ್ಹಂಗನ ಮೇಲೆ. ಅವನು ಕಲ್ಲಿನ ಹಾಗೆ ಕೂತಿದ್ದ.

ಸೀನಿದವನು ನಾನು.

ಒಂದೇ.

ಅತ್ತೆ ಕಾಲು ಒಳಗೆ ತೆಗೆದುಕೊಂಡರು. "ಸಬ್ರ್ ಆಮದ್," ಅಂದರು. ಅವರ ದನಿಯಲ್ಲಿ ದುಃಖ ಇರಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು.

"ಆಗಾ ಇರಜ್," ಅಂದಳು ಫಖ್ರಿ, ಮೆಲ್ಲಗೆ. "ಇನ್ನೊಂದು ಸೀನಿ."

ಸೀನಲು ನಾನು ಪಟ್ಟ ಪಾಡು! ಸೂರ್ಯನನ್ನು ನೋಡಿದೆ, ಮೂಗಿಗೆ ದಾರ ತೂರಿಸಿದೆ, ಮೆಣಸಿನ ಪುಡಿ ಮೂಸಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಹೊರಗೆ ಟ್ಯಾಕ್ಸಿಯವನು ಹಾರನ್ ಒತ್ತುತ್ತಿದ್ದ. ಅತ್ತೆ ಚಾದರದ ಗಂಟು ಬಿಚ್ಚತೊಡಗಿದರು. ಒಂದು ಕೈಯಲ್ಲಿ ಅವರ ಕಣ್ಣು, ಇನ್ನೊಂದು ಕೈಯಲ್ಲಿ ನನ್ನ ಸರ್ಹಂಗ್, ಎರಡೂ ಜಾರುತ್ತಿದ್ದವು.

ಆಗ ಅವನು ಎದ್ದ. ಗಡಿಯ ಅಂಚಿಗೆ ನಾಲ್ಕೂ ಕಾಲು ಜೋಡಿಸಿ, ಕತ್ತು ಚಾಚಿ, ನನ್ನ ಸ್ವೆಟರಿನ ತೋಳನ್ನು ಆಳವಾಗಿ ಒಮ್ಮೆ ಮೂಸಿದ. ಆಮೇಲೆ ಮನೆ ನಡುಗುವಂತೆ ಸೀನಿದ.

ನನ್ನದೊಂದು, ಅವನದೊಂದು. ಎರಡು.

"ಜಖ್ತ್," ಅಂದರು ಅತ್ತೆ, ನಿಟ್ಟುಸಿರು ಬಿಟ್ಟು. "ಆಯ್ತು, ನಡೀರಿ. ಇನ್ನು ತಪ್ಪಿಸ್ಕೊಳ್ಳಕ್ಕಾಗಲ್ಲ."

ಟ್ಯಾಕ್ಸಿಯಲ್ಲಿ ಅವರು ನನ್ನ ತೋಳು ಹಿಡಿದುಕೊಂಡರು. "ಅಳಿಯಂದ್ರೇ, ನಂಗೆ ಕಣ್ಣು ಕಾಣ್ಸಲ್ಲ, ಮೂಗು ಚೆನ್ನಾಗೇ ಇದೆ. ಹಬ್ಬದಿಂದೀಚೆಗೆ ನಿಮ್ಮ ಸ್ವೆಟರಿಂದ ನನ್ನ ಡಬ್ಬಿ ವಾಸನೆ ಬರ್ತಿದೆ."

"ಮತ್ತೆ ನೀವು ಹೇಳಲೇ ಇಲ್ವಲ್ಲ?"

"ಕಣ್ಣಿಗೆ ಕತ್ತಿ ಹಾಕ್ತಾರೆ ಅಂದ್ರೆ ಭಯ ಆಗಲ್ವಾ? ನಾಯಿ ಸೀನಿದಷ್ಟೂ ನಂಗೆ ಒಳ್ಳೇದೇ ಇತ್ತು."

ಮುಂದಿನ ಸೀಟಿನಿಂದ ಫಖ್ರಿ ತಿರುಗಿ ನಮ್ಮಿಬ್ಬರನ್ನೂ ನೋಡಿದಳು. ಬಹುವಚನಕ್ಕಿಂತ ಮೇಲಿನ ವಚನ ಪಾರಸಿ ಭಾಷೆಯಲ್ಲಿ ಇಲ್ಲದ್ದು ನನ್ನ ಪುಣ್ಯ.

ಮೂರನೇ ದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದ ಅತ್ತೆ ಕಂಬಳಿಯ ಅಂಚಿಗೆ ಬಂದು ಕೂತು, ಸರ್ಹಂಗನನ್ನು ಮೊದಲ ಸಲ ಕಣ್ತುಂಬ ನೋಡಿದರು. ಅವನ ನೆಟ್ಟಗಿನ ಕಿವಿ, ವ್ಯಾಸಲೀನ್ ಹಚ್ಚಿ ಮಿರಮಿರ ಮಿಂಚುವ ಮೂಗು. "ಮಾಷಾಲ್ಲಾ," ಅಂದರು, "ಎಂಥಾ ಗಂಭೀರ ಮುಖ, ಎಂಥಾ ಶಿಸ್ತು. ಇಷ್ಟು ದಿನ ಇಂಥಾದ್ದು ಮನೇಲಿದ್ದೂ ನೋಡಿರ್ಲಿಲ್ವಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಹಬೆಯಲ್ಲಿ ಬೆಂದ ಮುಖ, ಮೂರು ದಿನದ ಗಡ್ಡ, ಅದೇ ಸ್ವೆಟರ್, ಮೆಣಸಿನ ಪುಡಿಗೆ ಇನ್ನೂ ಸುರಿಯುತ್ತಿದ್ದ ಮೂಗು. ಬಹಳ ಹೊತ್ತು ನೋಡಿದರು.

"ಫಖ್ರಿ," ಅಂದರು, "ಇವರಲ್ಲಿ ವಾಪಸ್ ಕಳಿಸ್ಬೇಕು ಅಂದಿದ್ದು ಯಾರನ್ನ? ನಾಯಿ ಇರ್ಲಿ."