ಬೂಟು ಕಾಯುವವನ ಗ್ರೀಸ್ ಪ್ರವಾಸ

ಗುಡಿಗೆ ಹೋಗುವವರಲ್ಲಿ ಎರಡು ಜಾತಿ. ಚಪ್ಪಲಿಯನ್ನು ಹೊರಗೆ ಬಿಟ್ಟು, ಒಳಗೆ ಹೋಗಿ ದೇವರನ್ನು ನೋಡುವವರದು ಒಂದು. ಒಳಗೆ ಹೋಗಿ, ಕೈ ಮುಗಿದು, ಭಕ್ತಿಯಿಂದ ಕಣ್ಣು ಮುಚ್ಚಿ, ಮುಚ್ಚಿದ ಕಣ್ಣಿನಲ್ಲಿ ಹೊರಗೆ ಬಿಟ್ಟ ಚಪ್ಪಲಿಯನ್ನೇ ನೋಡುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಹುಟ್ಟಿನಿಂದ ಅಲ್ಲ, ಅನುಭವದಿಂದ. ನಾಗಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ, ನಮ್ಮ ಬಡಾವಣೆಯ ಗಣಪತಿ ಗುಡಿಯ ಮುಂದೆ ಬಿಟ್ಟ ನನ್ನ ಹೊಚ್ಚ ಹೊಸ ಚಪ್ಪಲಿ ಮಂಗಳಾರತಿ ಮುಗಿಯುವುದರೊಳಗೆ ಮಾಯವಾಯಿತು. ಆಗ ಮೇ ತಿಂಗಳು. ಈ ಊರಿನ ಮೇ ತಿಂಗಳ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಮನೆಗೆ ಬಂದವರಿಗೆ ಮಾತ್ರ ನನ್ನ ಸಂಕಟ ತಿಳಿದೀತು. ಅದನ್ನು ನಡೆಯುವುದು ಎನ್ನಲಾಗದು. ಕುಣಿಯುವುದು ಎನ್ನಬೇಕು. ದಾರಿಯಲ್ಲಿ ಸಿಕ್ಕ ನೆರೆಮನೆಯವರು "ಕಾಯ್ ಝಾಲಂ ಭಾವು?" ಎಂದು ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸಿದಾಗ ನಿಂತು ಉತ್ತರ ಹೇಳುವ ಸೌಜನ್ಯವೂ ನನ್ನಿಂದಾಗಲಿಲ್ಲ.

ಅಂದಿನಿಂದ ನಾನೂ ನನ್ನ ಹೆಂಡತಿ ಸುನಂದಾಳೂ ಒಂದು ಪದ್ಧತಿ ಮಾಡಿಕೊಂಡೆವು. ಯಾವುದೇ ಗುಡಿಗೆ ಹೋದರೂ ಒಬ್ಬರು ಒಳಗೆ, ಒಬ್ಬರು ಹೊರಗೆ ಕಾವಲಿಗೆ. ಆಮೇಲೆ ಅದಲು ಬದಲು. ರಾಮಟೇಕದಿಂದ ಪಂಢರಪುರದವರೆಗೆ ಈ ಪದ್ಧತಿ ಚೆನ್ನಾಗಿಯೇ ನಡೆಯಿತು. ಅದು ಗ್ರೀಸ್ ದೇಶಕ್ಕೂ ನಮ್ಮ ಬೆನ್ನು ಹತ್ತಿ ಬರುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ.

ಗ್ರೀಸಿಗೆ ಯಾಕೆ ಹೋದಿರಿ ಎಂದು ನೀವು ಕೇಳಬಹುದು. ಸುನಂದಾ ಇಲ್ಲಿನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಅವಳ ಬಳಿ ಹಳೆಯ ಪುಸ್ತಕವೊಂದಿತ್ತು. ಅದರಲ್ಲಿ ಥೆಸಲೋನಿಕಿ ಎಂಬ ಊರಿನ ದುಂಡನೆಯ ಕಟ್ಟಡದ ಚಿತ್ರ, ಹೆಬ್ಬೆರಳಿನಷ್ಟು ಗಾತ್ರದ್ದು, ಅದೂ ಕಪ್ಪು ಬಿಳುಪು. ಆ ಗುಮ್ಮಟದ ಒಳಮೈಯಲ್ಲಿ ಬಂಗಾರದ ಬಣ್ಣದ ಗಾಜಿನ ಚೂರುಗಳಿಂದ ಚಿತ್ರ ಬಿಡಿಸಿದ್ದಾರೆ ಎಂದು ಅವಳು ಮಕ್ಕಳಿಗೆ ವರ್ಷ ವರ್ಷ ಹೇಳಿದಳು, ತಾನು ನೋಡದೆಯೇ. ಮನೆಯಲ್ಲಿ ನನಗೂ ಹೇಳಲು ಬರುತ್ತಿದ್ದಳು. ನಾನು ಬ್ಯಾಂಕಿನವನು. ರೋಮನ್ ಚಕ್ರವರ್ತಿಯ ಹೆಸರು ಕಿವಿಗೆ ಬಿದ್ದರೆ ಸಾಕು, ನನ್ನ ಕಣ್ಣುಗಳು ನಿದ್ದೆಗೆ ಎಳೆಯತೊಡಗುತ್ತಿದ್ದವು. ಒಮ್ಮೆ ಅವಳಿಗೆ ರೇಗಿತು. "ತಡೀರಿ, ಒಂದಿನ ನಿಮ್ಮನ್ನ ಆ ಗುಮ್ಮಟದ ಕೆಳಗs ನಿಂದರ್ಸಿ ಪಾಠಾ ಹೇಳ್ತೀನಿ. ನಿಂತ್ಕೊಂಡು ಹೆಂಗ ನಿದ್ದಿ ಮಾಡ್ತೀರಿ ನೋಡೂಣಂತ!" ಎಂದಳು. ಅವಳು ನಿವೃತ್ತಳಾದ ವರ್ಷವೇ ಹೊರಟೆವು. ನಾನು ಸೀತಾಬರ್ಡಿಯ ಪೇಟೆಯಲ್ಲಿ ಒಳ್ಳೆಯ ಬೂಟು ಕೊಂಡೆ. ಎಲ್ಲ ಅನಾಹುತಕ್ಕೂ ಆ ಬೂಟೇ ಮೂಲ.

ಥೆಸಲೋನಿಕಿ ವಿಚಿತ್ರ ಊರು. ಬಸ್ ನಿಲ್ದಾಣದ ಪಕ್ಕ ರೋಮನ್ನರ ಗೋಡೆ, ಗೋಡೆಯ ಪಕ್ಕ ಕಾಫಿ ಅಂಗಡಿ, ಅಂಗಡಿಯ ಹಿಂದೆ ಇಟ್ಟಿಗೆಯ ಹಳೇ ಚರ್ಚು. ಊರ ನಡುವೆಯೇ ದೊಡ್ಡದೊಂದು ಹಳ್ಳ ತೋಡಿ ಹಳೆಯ ಪೇಟೆಯ ಕಲ್ಲುಗಳನ್ನು ಹೊರಗೆ ತೆಗೆದಿದ್ದಾರೆ. ಸುತ್ತ ಮನೆಗಳ ಬಾಲ್ಕನಿಗಳಲ್ಲಿ ಜನ ಬಟ್ಟೆ ಒಣಹಾಕುತ್ತಾರೆ. ಮೊದಲನೆಯ ಚರ್ಚಿನ ಮುಂದೆ ನಿಂತಾಗ ನನ್ನ ಕೈ ತಾನಾಗಿಯೇ ಬೂಟಿನ ಲೇಸಿಗೆ ಹೋಯಿತು. "ಇಲ್ಲಿ ಯಾರೂ ತಗ್ಯಾಂಗಿಲ್ರೀ" ಎಂದಳು ಸುನಂದಾ. ನಿಜ. ಬೂಟು, ಚಪ್ಪಲಿ, ಎತ್ತರದ ಹಿಮ್ಮಡಿ, ಎಲ್ಲವೂ ಟಕಟಕ ಒಳಗೆ ಹೋಗುತ್ತಿದ್ದವು. "ಹಂಗಾರ ನೀ ಹಾಕ್ಕೊಂಡs ಹೋಗು" ಎಂದೆ. ಅವಳು ಹೊಸ್ತಿಲವರೆಗೆ ಹೋದಳು, ನಿಂತಳು, ತಿರುಗಿ ಬಂದು ಚಪ್ಪಲಿ ಬಿಟ್ಟಳು. "ದೇವರು ಯಾರ್ದಾದ್ರೇನ್ರೀ, ಕಾಲು ನಮ್ದು. ಒಪ್ಪವಲ್ದು" ಎಂದಳು. ಸರಿ, ಪದ್ಧತಿ ಶುರುವಾಯಿತು. ನಾನು ಮೆಟ್ಟಿಲ ಮೇಲೆ ಕೂತೆ.

ಅವಳು ಒಳಗೆ ಹೋದರೆ ಬೇಗ ಬರುವವಳಲ್ಲ. ಒಂದೊಂದು ಕಂಬವನ್ನೂ ಮಾತಾಡಿಸಿ ಬರುವವಳು. ಅವಳು ಬರುವ ಹೊತ್ತಿಗೆ ಚರ್ಚಿನವರು ಮಧ್ಯಾಹ್ನದ ಬಾಗಿಲು ಹಾಕುತ್ತಿದ್ದರು. ಹೀಗೆ ನಾನು ಆ ಊರಿನ ಚರ್ಚುಗಳ ಮೆಟ್ಟಿಲುಗಳಲ್ಲಿ ಪಂಡಿತನಾದೆ. ಯಾವ ಮೆಟ್ಟಿಲಿಗೆ ಬೆಳಿಗ್ಗೆ ನೆರಳು, ಯಾವುದಕ್ಕೆ ಪಾರಿವಾಳದ ಕಾಟ, ಎಲ್ಲವನ್ನೂ ಹೇಳಬಲ್ಲೆ. ಊರನ್ನು ಕಾಯುವ ಸಂತನ ದೊಡ್ಡ ಚರ್ಚಿನ ಮುಂದೆ ಇನ್ನೊಂದು ಅನಾಹುತವಾಯಿತು. ಕೂತು ಕೂತು ಕಾಲು ಬೆವರಿದ್ದರಿಂದ ನಾನೂ ಬೂಟು ಬಿಚ್ಚಿ ಸುನಂದಾಳ ಚಪ್ಪಲಿಯ ಪಕ್ಕ ನೀಟಾಗಿ ಇಟ್ಟೆ. ಯಾವುದೋ ದೇಶದ ಪ್ರವಾಸಿ ದಂಪತಿ ಬಂದರು. ನಮ್ಮ ಪಾದರಕ್ಷೆಗಳನ್ನು ನೋಡಿದರು, ನನ್ನ ಮುಖ ನೋಡಿದರು, ಇದೇ ಇಲ್ಲಿನ ನಿಯಮವೆಂದು ತಿಳಿದು ತಮ್ಮ ಬೂಟುಗಳನ್ನು ಬಿಚ್ಚಿ ಸಾಲಿಗೆ ಇಟ್ಟು, ನನಗೆ ನಸುನಕ್ಕು ಒಳಗೆ ಹೋದರು. ಹಿಂದೆ ಬಂದವರು ಅವರನ್ನು ನೋಡಿ ಬಿಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ತುಂಬ ಬೂಟು. ನಾನು ಎದ್ದು ಹೋಗುವಂತೆಯೂ ಇಲ್ಲ. ಅಷ್ಟರಲ್ಲಿ ಉದ್ದ ಗಡ್ಡದ ಪಾದ್ರಿಯೊಬ್ಬರು ಹೊರಗೆ ಬಂದು ಆ ಸಾಲನ್ನು ನೋಡಿ ದಂಗಾಗಿ ನಿಂತರು. ಆಮೇಲೆ ನಿಧಾನವಾಗಿ ತಮ್ಮ ಕಾಲನ್ನೇ ನೋಡಿಕೊಂಡರು. ತಾವೂ ಬಿಚ್ಚಬೇಕಿತ್ತೇನೋ ಎಂಬ ಅನುಮಾನ ಅವರ ಮುಖದಲ್ಲಿ ಹಾದುಹೋದದ್ದನ್ನು ನಾನು ಸ್ಪಷ್ಟವಾಗಿ ಕಂಡೆ.

ವಸ್ತುಸಂಗ್ರಹಾಲಯದಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಅಲ್ಲಿ ತಲೆಯಿಲ್ಲದ ದೇವಿಯೊಬ್ಬಳ ಮುಂದೆ ಸುನಂದಾ ಕೈ ಮುಗಿದಳು. ನನ್ನ ಕೈ ಲೇಸಿಗೆ ಹೋಯಿತು. ಕಾವಲುಗಾರ್ತಿ ದೂರದಿಂದಲೇ ಬೆರಳು ಅಲ್ಲಾಡಿಸಿ ಬೇಡವೆಂದಳು.

ಕೊನೆಯ ದಿನಕ್ಕೆ ಉಳಿದದ್ದು ಆ ದುಂಡನೆಯ ಕಟ್ಟಡ. ಮೊದಲು ಚಕ್ರವರ್ತಿಯದು, ಆಮೇಲೆ ಚರ್ಚು, ಆಮೇಲೆ ಮಸೀದಿ, ಈಗ ಟಿಕೆಟು ಕೊಟ್ಟು ನೋಡುವ ಸ್ಮಾರಕ. ದೇವರು ಖಾಲಿ ಮಾಡಿಕೊಂಡು ಹೋದ ಮನೆಯಲ್ಲಿ ಬೂಟು ಬಿಚ್ಚಬೇಕೋ ಬೇಡವೋ? ಸುನಂದಾ ಚಪ್ಪಲಿ ಬಿಟ್ಟೇಬಿಟ್ಟಳು. "ಇವತ್ತರ ಬರ್ರಿ. ಹೋದ್ರ ಹೋಗ್ಲಿ ಚಪ್ಲಿ. ಇದೊಂದು ಇಬ್ರೂ ಜೋಡೀಲೆ ನೋಡೂಣು" ಎಂದಳು. ನಾನು ರಸ್ತೆಯತ್ತ ನೋಡಿದೆ. ಜನ ಓಡಾಡುತ್ತಿದ್ದರು. "ನೀ ಜಲ್ದಿ ನೋಡ್ಕೊಂಡು ಬಾ, ಆಮ್ಯಾಲೆ ನಾ ಹೋಗ್ತೀನಿ" ಎಂದೆ. ಅವಳು ಒಬ್ಬಳೇ ಟಿಕೆಟು ಕೊಂಡು ಹೋದಳು. ಹೊರಗೆ ಬಂದಾಗ ಹಿಂದೆಯೇ ಬಾಗಿಲು ಹಾಕಿದರು. ಅವಳು ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಬಹಳ ಕೆಡುಕೆನಿಸಿತು. ಬೂಟು ಮಾತ್ರ ಕ್ಷೇಮವಾಗಿತ್ತು.

ನಾಗಪುರಕ್ಕೆ ಮರಳಿದ ಮೇಲೆ ನಮ್ಮ ಬಡಾವಣೆಯ ಕನ್ನಡ ಬಳಗದವರು ಸುನಂದಾಳ ಭಾಷಣ ಇಟ್ಟುಕೊಂಡರು, ಪರದೆಯ ಮೇಲೆ ಚಿತ್ರ ತೋರಿಸುವ ಏರ್ಪಾಡಿನೊಂದಿಗೆ. ಮೇ ತಿಂಗಳ ಭಾನುವಾರ. ಬಳಗದ ಸಭಾಂಗಣದಲ್ಲಿ ದೇವರ ಫೋಟೋ ಇರುವುದರಿಂದ ಎಲ್ಲರೂ ಪಾದರಕ್ಷೆಗಳನ್ನು ಜಗಲಿಯಲ್ಲಿ ಬಿಡಬೇಕು. ಅಧ್ಯಕ್ಷರು ನನ್ನನ್ನು ಕಂಡವರೇ "ಚಲೋ ಆತು, ನೀವು ಇಲ್ಲೇ ಕೂಡ್ತೀರಲ್ಲ? ಬರೋಬರ್ ನೋಡ್ಕೊಳ್ರಿ, ನಂದು ನವಾ ಚಪ್ಪಲ್ ಐತಿ" ಎಂದು ಒಳಗೆ ಹೋದರು. ನನ್ನ ಖ್ಯಾತಿ ಅಷ್ಟು ಹಬ್ಬಿತ್ತು. ಒಳಗೆ ಎಲ್ಲರಿಗೂ ಕೂಲರಿನ ತಂಪು ಗಾಳಿ. ಹೊರಗೆ ನಾನು, ಬಿಸಿಗಾಳಿ, ಬೂಟುಗಳು.

ಬಾಗಿಲ ಸಂದಿಯಿಂದ ಅವಳ ದನಿ ಬರುತ್ತಿತ್ತು. "ಗುಮ್ಮಟದ ನಟ್ಟನಡುವಿದ್ದ ದೇವರ ಚಿತ್ರ ಉದುರಿ ಹೋಗೇತಿ. ಸುತ್ತಲೂ ಕೈ ಎತ್ತಿ ನಿಂತ ಸಂತರು ಮಾತ್ರ ಹಂಗs ಉಳದಾರ" ಎನ್ನುತ್ತಿದ್ದಳು. ನನ್ನ ಕಿವಿ ನೆಟ್ಟಗಾಯಿತು. ದೇವರು ಹೋದರೂ ಕಾವಲಿನವರು ಉಳಿದಿದ್ದಾರೆಂದರೆ ಅವರು ನನ್ನ ಜಾತಿಯವರೇ. ಅವರ ಮುಖ ನೋಡಲೇಬೇಕೆನಿಸಿತು. ಅತ್ತಿತ್ತ ನೋಡಿದೆ, ಬೂಟು ಬಿಚ್ಚಿದೆ, ಒಳಗೆ ನುಗ್ಗಿದೆ. ಕತ್ತಲೆಯಲ್ಲಿ ಗೋಡೆಗೆ ಆತು ನಿಂತು ನೋಡಿದರೆ, ಪರದೆಯ ತುಂಬ ಬಂಗಾರ. ಅಯ್ಯೋ, ಇದನ್ನು ಬಿಟ್ಟು ನಾನು ಮೆಟ್ಟಿಲು ನೋಡಿ ಬಂದೆನಲ್ಲ!

ಕೊನೆಯ ಚಿತ್ರ ಬಂದಾಗ ಸಭೆ ಗೊಳ್ಳೆಂದು ನಕ್ಕಿತು. ಚರ್ಚಿನ ಒಳಗಿನಿಂದ ಬಾಗಿಲಿನತ್ತ ತೆಗೆದದ್ದು. ಬೆಳಕಿನಲ್ಲಿ ನನ್ನ ಬೆನ್ನು, ಬೋಳು ತಲೆ, ಪಕ್ಕದಲ್ಲಿ ಬೂಟುಗಳ ಸಾಲು. "ಇವರು ನಮ್ಮ ಮನಿಯವ್ರು. ಒಂದೂ ಚರ್ಚು ನೋಡ್ಲಿಲ್ಲ. ಆದ್ರ ಇವರು ಹೊರಗ ಕುಂತಾರಂತs ನಾ ಒಳಗ ನಿಶ್ಚಿಂತಿಲೆ ನೋಡಿದೆ" ಎಂದಳು ಸುನಂದಾ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹೊರಗೆ ಬಂದರೆ ಅಧ್ಯಕ್ಷರ ಹೊಸ ಚಪ್ಪಲಿ ಇತ್ತು, ಎಲ್ಲರದೂ ಇತ್ತು. ನನ್ನ ಸೀತಾಬರ್ಡಿಯ ಬೂಟು ಇರಲಿಲ್ಲ. ಗ್ರೀಸ್ ದೇಶ ಪೂರ್ತಿ ಕಾದು ತಂದ ಬೂಟು!

ಮನೆ ಹತ್ತಿರ, ಅಷ್ಟಕ್ಕೆ ಯಾವ ಆಟೋದವನೂ ಬರುವುದಿಲ್ಲ. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಡಾಂಬರು. ಕುಣಿಯುತ್ತ ಹೊರಟೆ. ಸುನಂದಾ ನಗು ತಡೆಯುತ್ತ ಪಕ್ಕದಲ್ಲಿ ನಡೆದಳು. "ಅಲ್ಲಾ, ಆ ನಡುವಿನ ಚಿತ್ರ ಹೆಂಗ ಉದುರ್ತು?" ಎಂದು ಕೇಳಿದೆ.

ಅವಳು ಗಕ್ಕನೆ ನಿಂತುಬಿಟ್ಟಳು, ನಡುರಸ್ತೆಯಲ್ಲಿ. ಮದುವೆಯಾದಾಗಿನಿಂದ ನಾನು ಇತಿಹಾಸದ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಅದು ತಿಳೀಬೇಕಂದ್ರ ಚಕ್ರವರ್ತಿಯಿಂದs ಶುರು ಮಾಡ್ಬೇಕು" ಎಂದು ಛತ್ರಿ ಬಿಚ್ಚಿ, ಅಲ್ಲೇ ಪಾಠ ಆರಂಭಿಸಿದಳು. ನಿಂತುಕೊಂಡು ನಿದ್ದೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎತ್ತುತ್ತ, "ಹೂಂ, ಆಮ್ಯಾಲೆ?" ಎನ್ನುತ್ತ ಪೂರ್ತಿ ಕೇಳಿದೆ.